ಪದಚರ್ಚೆ: ಅಲ್ಕಲಾಯ್ಡ್‌ಗೆ ಬೋರ್ಡಿನಲ್ಲಿ ಏನು ಬರೆಯೋಣ?

ಫೋಂಡಾ, ಗೋವಾದಿಂದ:
ಗೆಳೆಯರೇ, ಒಂದು ಪದ ಇವತ್ತೇ ಬೇಕು. ಇಲ್ಲಿ ಒಂದು ಸಸ್ಯತೋಟಕ್ಕೆ ಬೋರ್ಡ್ ಬರೆಸುತ್ತಿದ್ದಾರೆ. ಕೊಂಕಣಿ, ಮರಾಠಿ ಮುಗಿದಿದೆ. ಕಾರವಾರ, ಬೆಳಗಾವಿ ಕಡೆಯ ಜನ ತುಂಬಾ ಬರುತ್ತಾರೆ, ಕನ್ನಡವೂ ಇರಲಿ ಎಂದು ಹಟ ಹಿಡಿದು ಒಪ್ಪಿಸಿದ್ದೇನೆ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ. ಮರ ಪಶ್ಚಿಮ ಘಟ್ಟದ ಮಳೆಕಾಡಿನದು, ಮರಾಠಿಯಲ್ಲಿ ನರಕ್ಯಾ. ‘ಇದರಲ್ಲಿರುವ ಕ್ಯಾಂಪ್ಟೊಥೆಸಿನ್ ಎಂಬ ಅಲ್ಕಲಾಯ್ಡ್‌ನಿಂದ ಕ್ಯಾನ್ಸರ್ ಔಷಧ ತಯಾರಿಸುತ್ತಾರೆ.’ ಅಲ್ಕಲಾಯ್ಡ್ ಅಂದರೆ ಗಿಡಮರಗಳಲ್ಲಿ ಹುಟ್ಟುವ, ಮೈಮೇಲೆ ಪರಿಣಾಮ ಬೀರುವ ಒಂದು ಬಗೆಯ ರಾಸಾಯನಿಕ. ಬೋರ್ಡಿನ ಈ ಸಾಲಿನಲ್ಲಿ ಆ ಪದದ ಜಾಗದಲ್ಲಿ ಏನು ಹಾಕಲಿ?

ಪುಣೆಯಿಂದ:
ಸಸ್ಯಕ್ಷಾರ. ಇರುವ ಪದ ಬಿಟ್ಟು ಹುಡುಕುವುದು ಯಾಕೆ?

ಡೊಂಬಿವಲಿಯಿಂದ:
ಸಂಸ್ಕೃತ ಬೇಡ. ಅರಬ್ಬಿಯ ‘ಅಲ್ ಕಲಿ’ ಅಂದರೆ ಗಿಡ ಸುಟ್ಟ ಬೂದಿ. ಅದರಿಂದ ಅಲ್ಕಲಿ, ಅಂದರೆ ಕ್ಷಾರ. 1819ರಲ್ಲಿ ಜರ್ಮನಿಯ ಮೈಸ್ನರ್ ಅದಕ್ಕೊಂದು ಬಾಲ ಸೇರಿಸಿ ಅಲ್ಕಲಾಯ್ಡ್ ಮಾಡಿದ. ನಮ್ಮಲ್ಲೂ ಅದೇ ಗುಣದ ಅಚ್ಚ ಪದ ಇದೆ: ಚೌಳು. ಅಗಸರು ಬಟ್ಟೆ ಒಗೆಯುತ್ತಿದ್ದ ಸವುಳು ಮಣ್ಣೂ ಇದೇ. ‘ಗಿಡಚೌಳು’ ಅನ್ನಿ.

ಪುಣೆಯಿಂದ:
ಚೌಳು ಅಂದರೆ ರೈತನಿಗೆ ಹಾಳುಬಿದ್ದ ಹೊಲ. ಆಗಲ್ಲ. ಕ್ಷಾರ ಪರಕೀಯವೂ ಅಲ್ಲ, ದಿನಾ ತಿನ್ನುವ ಖಾರ ಅದರಿಂದಲೇ ಬಂದದ್ದು.

ಮಾಟುಂಗಾ, ಮುಂಬೈಯಿಂದ:
ಎರಡೂ ತಪ್ಪು. ಪದದ ಮೂಲ ನೋಡಿದಿರಿ, ಮರದೊಳಗೆ ಏನಿದೆ ಅಂತ ಯಾರೂ ನೋಡಲಿಲ್ಲ. ಸಿಂಕೋನಾ ತೊಗಟೆಯ ಕ್ವಿನೈನ್ ಆಗಿದ್ದರೆ ಕ್ಷಾರ ನಡೆಯುತ್ತಿತ್ತು. ಅದು ಆಮ್ಲದ ಜೊತೆ ಸೇರಿ ಲವಣವಾಗುತ್ತದೆ, ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಸಲ್ಫೇಟ್ ಅಂಥದ್ದೇ. ಕ್ಯಾಂಪ್ಟೊಥೆಸಿನ್ ಹಾಗಲ್ಲ. ನೈಟ್ರೋಜನ್ ಇದೆ, ಅದಕ್ಕೇ ಅಲ್ಕಲಾಯ್ಡ್ ಗುಂಪಿಗೆ ಸೇರಿಸಿದ್ದಾರೆ. ಕ್ಷಾರಗುಣ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. 1966ರಲ್ಲಿ ಅದನ್ನು ಚೀನಾ ಮೂಲದ ಬೇರೊಂದು ಮರದಿಂದ ಬೇರ್ಪಡಿಸಿ ರಚನೆ ತಿಳಿಸಿದವರು ರಸಾಯನವಿಜ್ಞಾನಿಗಳಾದ ವಾಲ್ ಮತ್ತು ವಾನಿ. ವಾನಿ ಇಲ್ಲಿನವರೇ, ನಂದುರಬಾರದಲ್ಲಿ ಹುಟ್ಟಿ ಮುಂಬೈ ವಿಶ್ವವಿದ್ಯಾಲಯದಲ್ಲಿ ಓದಿದವರು. ಆ ವಸ್ತು ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಹಾಗಾಗಿ ಅದನ್ನೇ ಮಾರ್ಪಡಿಸಿ ಟೋಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಗಳನ್ನು ಮಾಡಿದರು. ಇಂಥದ್ದಕ್ಕೆ ‘ಕ್ಷಾರ’ ಎಂದು ಬರೆದರೆ ಓದುವ ಮಕ್ಕಳಿಗೆ ಸುಳ್ಳು ಹೇಳಿದಂತೆ. ಅಲ್ಕಲಾಯ್ಡ್ ಅಂತಲೇ ಇರಲಿ. ಪಗಾರ, ಚಾವಿ ಪೋರ್ಚುಗೀಸರಿಂದ ಬಂದವು. ಯಾರಾದರೂ ವಾಪಸ್ ಕೊಟ್ಟಿದ್ದೀರಾ?

ಡೊಂಬಿವಲಿಯಿಂದ:
ಪಗಾರ, ಚಾವಿ ಬಾಯಿಂದ ಬಾಯಿಗೆ ಬಂದವು, ಕನ್ನಡದ ನಾಲಿಗೆಗೆ ಒಗ್ಗಿದವು. ಅಲ್ಕಲಾಯ್ಡ್ ಪಠ್ಯಪುಸ್ತಕದಿಂದ ಇಳಿದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಹೀಗೆ ಬಿಟ್ಟುಕೊಡುತ್ತಾ ಹೋದರೆ ವಿಜ್ಞಾನಕ್ಕೆ ಕನ್ನಡದಲ್ಲಿ ಕ್ರಿಯಾಪದ ಮಾತ್ರ ಉಳಿಯುತ್ತದೆ.

ಫೋಂಡಾದಿಂದ:
ಅಲ್ಕಲಾಯ್ಡ್ ಅಂತಲೇ ಹಾಕಿಸುತ್ತೇನೆ. ಡೊಂಬಿವಲಿಯವರ ಮಾತಿನಲ್ಲೂ ಹುರುಳಿದೆ, ಆದರೆ ಗಿಡಚೌಳು ಒಪ್ಪಲಾರೆ.

ಮಾಟುಂಗಾದಿಂದ:
ಒಂದು ಸಾಲು ಸೇರಿಸಿ: ‘ಈ ಮರದ ಯಾವ ಭಾಗವನ್ನೂ ತಿನ್ನಬೇಡಿ, ವಿಷ. ತೊಗಟೆ ಕೆತ್ತಬೇಡಿ.’ ಬರೀ ಔಷಧ ಅಂತ ಬರೆದರೆ ಜನ ಚಾಕು ತೆಗೆಯುತ್ತಾರೆ. ಮಹಾರಾಷ್ಟ್ರದ ಘಟ್ಟದಲ್ಲಿ ಈ ಮರವನ್ನು ಇದೇ ಔಷಧಕ್ಕಾಗಿ ಲೆಕ್ಕವಿಲ್ಲದೆ ಕಡಿದಿದ್ದಾರೆ. ಜಾಗ ಸಾಲದಿದ್ದರೆ ಕ್ಯಾಂಪ್ಟೊಥೆಸಿನ್ ಹೆಸರು ತೆಗೆಯಿರಿ, ಈ ಸಾಲು ತೆಗೆಯಬೇಡಿ.