ಸೂಜಿ ಹೊಸದು, ಶಾಯಿ ಹಳೇದು: ಟ್ಯಾಟೂ ಆದ ಮೇಲೆ ರಕ್ತ ಪರೀಕ್ಷೆ ಬೇಕಾ?

ವಾಸ್ಕೋ_ಕನ್ನಡಿಗ:
ಗೋವಾದ ಅಂಜುನಾ ಕಡೆ ಒಂದು ಅಂಗಡಿಯಲ್ಲಿ ಟ್ಯಾಟೂ ಹಾಕಿಸಿ ಇವತ್ತಿಗೆ 40 ದಿನ. ಸೂಜಿಯ ಪ್ಯಾಕೆಟ್ ಕಣ್ಣೆದುರೇ ಒಡೆದರು. ಆದರೆ ಹಿಂದಿನ ಗಿರಾಕಿಗೆ ಬಳಸಿ ಉಳಿದ ಶಾಯಿಯ ಪುಟ್ಟ ಕಪ್‌ಗೇ (ಬಟ್ಟಲಿಗೇ) ಅದ್ದಿದರು. ಗಾಯ ಮಾಗಿದೆ, ಜ್ವರ ಇಲ್ಲ. ಟೆಸ್ಟ್ ಮಾಡಿಸಲೇಬೇಕಾ? ಈಗ ಮಾಡಿಸಿದರೆ ಸರಿಯಾಗಿ ಗೊತ್ತಾಗುತ್ತಾ?

ಲ್ಯಾಬ್_ಪುಣೆ:
ಮಾಡಿಸಿ ಸರ್, ಆ ಶಾಯಿ ಕಪ್ ಒಂದೇ ಸಾಕು ಕಾರಣ. ಚರ್ಮಕ್ಕೆ ಚುಚ್ಚಿದ ಸೂಜಿಯನ್ನು ಮತ್ತೆ ಮತ್ತೆ ಶಾಯಿಗೆ ಅದ್ದುತ್ತಾರೆ. ಪ್ರತಿ ಸಲವೂ ಕಣ್ಣಿಗೆ ಕಾಣದಷ್ಟು ರಕ್ತ ಆ ಕಪ್‌ಗೆ ಇಳಿಯುತ್ತದೆ. ಜ್ವರ ಇಲ್ಲ ಅಂತ ಸುಮ್ಮನಿರಬೇಡಿ, ಹೆಪಟೈಟಿಸ್ ಸಿ (ಯಕೃತ್ತಿಗೆ ತಗಲುವ ವೈರಸ್ ಸೋಂಕು) ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಸುಳಿವೇ ಕೊಡುವುದಿಲ್ಲ. ನನ್ನ ಪ್ರಕಾರ ಇಲ್ಲಿ ಎಚ್‌ಐವಿಗಿಂತ ಹೆಪಟೈಟಿಸ್ ಬಿ, ಸಿ ಚಿಂತೆಯೇ ದೊಡ್ಡದು. ಬಿ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕಿರುತ್ತದೆ.

ಎಚ್‌ಐವಿಗೆ ಇನ್ನು ಐದು ದಿನ ತಡೆಯಿರಿ. ತೋಳಿನಿಂದ ರಕ್ತ ತೆಗೆದು ಲ್ಯಾಬ್‌ನಲ್ಲಿ ಮಾಡುವ ಫೋರ್ತ್ ಜನರೇಷನ್ ಟೆಸ್ಟ್ (ವೈರಸ್‌ನ ಅಂಶ, ಅದರ ವಿರುದ್ಧ ದೇಹ ಮಾಡುವ ಆಂಟಿಬಾಡಿ ಎರಡನ್ನೂ ಹುಡುಕುವಂಥದ್ದು) 45 ದಿನಕ್ಕೆ ನೆಗೆಟಿವ್ ಬಂದರೆ ನಂಬಬಹುದು. ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಕಿಟ್ ಆದರೆ 90 ದಿನ. ಹೆಪಟೈಟಿಸ್ ಸಿಯ ಆಂಟಿಬಾಡಿ ಹುಡುಕುವ ಆಂಟಿ ಎಚ್‌ಸಿವಿ ಟೆಸ್ಟ್ ಮಾತ್ರ ಈಗ ಮಾಡಿಸಿ ನೆಗೆಟಿವ್ ಬಂತೆಂದು ಖುಷಿಪಡಬೇಡಿ. ಆ ಆಂಟಿಬಾಡಿ ಮೂಡುವುದಕ್ಕೇ ಸಾಮಾನ್ಯವಾಗಿ 8ರಿಂದ 11 ವಾರ ಬೇಕು. ಅಷ್ಟು ಕಾಯಲಾಗದಿದ್ದರೆ ವೈರಸ್ಸನ್ನೇ ನೇರ ಹುಡುಕುವ ಎಚ್‌ಸಿವಿ ಆರ್‌ಎನ್‌ಎ ಟೆಸ್ಟ್ ಕೇಳಿ, ದುಬಾರಿ, ಆದರೆ ಸೋಂಕು ತಗಲಿದ ಎರಡು ವಾರಕ್ಕೇ ಪತ್ತೆಯಾಗುತ್ತದೆ. ಬಿಗೆ ಎಚ್‌ಬಿಎಸ್‌ಎಜಿ ಟೆಸ್ಟ್, ಅದು ಆ ವೈರಸ್‌ನ ಮೇಲ್ಮೈ ಪ್ರೋಟೀನ್ ಹುಡುಕುತ್ತದೆ. ಬಿ, ಸಿ ಎರಡನ್ನೂ ಟ್ಯಾಟೂ ಆಗಿ 6 ತಿಂಗಳಿಗೆ ಇನ್ನೊಮ್ಮೆ ಮಾಡಿಸಿ.

ಐಸಿಟಿಸಿ_ಗೋವಾ:
ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ಐಸಿಟಿಸಿಯಲ್ಲಿ (ಸರ್ಕಾರದ ಎಚ್‌ಐವಿ ಸಲಹೆ, ಪರೀಕ್ಷಾ ಕೇಂದ್ರ) ಎಚ್‌ಐವಿ ಟೆಸ್ಟ್ ಪುಕ್ಕಟೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿರಬೇಕು. ಯಾವ ಕಿಟ್ ಅಂತ ಕೇಳಿಕೊಳ್ಳಿ, ರ‍್ಯಾಪಿಡ್ ಆದರೆ 90 ದಿನಕ್ಕೆ ಮತ್ತೆ ಹೋಗಿ. ಸಹಾಯವಾಣಿ 1097. ಬಿ, ಸಿಗೂ 2018ರಿಂದ ಸರ್ಕಾರದ ಉಚಿತ ಕಾರ್ಯಕ್ರಮ ಇದೆ, ಅಲ್ಲಿಯೇ ವಿಚಾರಿಸಿ. ಸಿ ಬಂದಿದ್ದರೂ ಎದೆಗುಂದಬೇಡಿ. ಸಾಮಾನ್ಯವಾಗಿ 12 ವಾರದ ಮಾತ್ರೆಗೆ ವಾಸಿಯಾಗುತ್ತದೆ.

ದಯವಿಟ್ಟು ‘ರಕ್ತದಾನ ಮಾಡಿದರೆ ಅವರೇ ಟೆಸ್ಟ್ ಮಾಡ್ತಾರೆ’ ಅನ್ನುವ ದಾರಿ ಹಿಡಿಯಬೇಡಿ. ಟ್ಯಾಟೂ ಆದ ಮೇಲೆ 12 ತಿಂಗಳು ರಕ್ತ ಕೊಡುವಂತಿಲ್ಲ.

ವಾಸ್ಕೋ_ಕನ್ನಡಿಗ:
ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ನೆನಪಿಲ್ಲ. ಈಗ ಹಾಕಿಸಲಾ?

ಲ್ಯಾಬ್_ಪುಣೆ:
ಹಾಕಿಸಿ, 0, 1, 6 ತಿಂಗಳ ಲೆಕ್ಕದಲ್ಲಿ ಮೂರು ಡೋಸ್. ಆಗಿಹೋದ ಸೋಂಕನ್ನು ಅದು ತಡೆಯುವುದಿಲ್ಲ, ಮುಂದಕ್ಕೆ ರಕ್ಷಣೆ. ಆದರೆ ಮೊದಲು ರಕ್ತ ಕೊಡಿ, ಆಮೇಲೆ ಲಸಿಕೆ. ಲಸಿಕೆಯಲ್ಲಿರುವುದೂ ಅದೇ ಎಚ್‌ಬಿಎಸ್‌ಎಜಿ, ಚುಚ್ಚಿಸಿಕೊಂಡ 18 ದಿನದೊಳಗೆ ಟೆಸ್ಟ್ ಮಾಡಿಸಿದರೆ ಸುಳ್ಳು ಪಾಸಿಟಿವ್ ಬರಬಹುದು. ರಿಪೋರ್ಟ್ ಬರುವ ತನಕ ರೇಜರ್, ಬ್ರಶ್ ಮನೆಯವರದ್ದು ಬೇರೆ, ನಿಮ್ಮದು ಬೇರೆ ಇಟ್ಟುಕೊಳ್ಳಿ, ಕಾಂಡೋಮ್ ಬಳಸಿ.