ಒಂದೇ ಹೆಸರು, ಒಂದೇ ಸಂಖ್ಯೆ, ಎಂಜಿನ್ ಮಾತ್ರ ಬೇರೆ: ಗುರುತಿಸುವುದು ಹೇಗೆ?

ಪ್ರಶ್ನೆ: ಬ್ರಿಟನ್ನಿನ ಉಗಿ ಎಂಜಿನ್‌ಗಳ ಹಳೆಯ ಫೋಟೊಗಳನ್ನು ಹೆಸರಿನ ಪ್ರಕಾರ ಜೋಡಿಸುತ್ತಿದ್ದೇನೆ. ‘ವಿಂಡ್ಸರ್ ಕ್ಯಾಸಲ್’ ಎಂಬ ಹೆಸರೂ 4082 ಎಂಬ ಸಂಖ್ಯೆಯೂ ಇರುವ ಎರಡು ಫೋಟೊಗಳಲ್ಲಿರುವುದು ಒಂದೇ ಎಂಜಿನ್ ಅಲ್ಲವೆನಿಸುತ್ತಿದೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿಮ್ಮ ಅನುಮಾನ ಸರಿಯಾಗಿದೆ. 1924ರಲ್ಲಿ ಸ್ವಿಂಡನ್ ಕಾರ್ಖಾನೆಗೆ ಬಂದಿದ್ದ ದೊರೆ ಐದನೆಯ ಜಾರ್ಜ್ ಸ್ವತಃ ನಡೆಸಿದ ಎಂಜಿನ್ 4082. ಆ ನೆನಪಿಗಾಗಿ 1952ರಲ್ಲಿ ಆರನೆಯ ಜಾರ್ಜರ ಅಂತ್ಯಯಾತ್ರೆಯ ರೈಲನ್ನೂ ಅದೇ ಎಳೆಯಬೇಕೆಂದು ಬಯಸಿದಾಗ ಅದು ದುರಸ್ತಿಯಲ್ಲಿದ್ದುದರಿಂದ, 1948ರಲ್ಲಿ ಕಟ್ಟಿದ್ದ 7013 ‘ಬ್ರಿಸ್ಟಲ್ ಕ್ಯಾಸಲ್’ಗೆ ಅದರ ಫಲಕಗಳನ್ನು ತೊಡಿಸಿ ಕಳುಹಿಸಿದರು. ಚಕ್ರದ ಮೇಲೆ ಬಿಲ್ಲಿನಂತೆ ಬಾಗಿದ ಆ ಹಿತ್ತಾಳೆಯ ಹೆಸರು ಹಳೆಯ ಎಂಜಿನ್ನಿಗೆ ಮರಳಲೇ ಇಲ್ಲ. 1933ರಲ್ಲಿ ಅಮೆರಿಕಕ್ಕೆ ಹೋದ 6100 ‘ರಾಯಲ್ ಸ್ಕಾಟ್’ ಕೂಡ ವಾಸ್ತವವಾಗಿ 6152 ಆಗಿದ್ದ ಎಂಜಿನ್. ಅದೂ ಕಾಯಂ ಆಗಿ ಹಾಗೆಯೇ ಉಳಿಯಿತು. ಆದ್ದರಿಂದ ಹೆಸರನ್ನೂ ಸಂಖ್ಯೆಯನ್ನೂ ನೆಚ್ಚಿಕೊಳ್ಳದೆ ಮೊದಲು ಫೋಟೊದ ಕಾಲವನ್ನು ಪತ್ತೆಮಾಡಿ.

ಉತ್ತರ 2: ಕಾಲ ನೋಡದೆ ನಾನು ಪೇಚಿಗೆ ಸಿಕ್ಕಿದ್ದೇನೆ. 4496 ‘ಗೋಲ್ಡನ್ ಶಟಲ್’ ಎಂಜಿನ್ನಿಗೆ 1945ರಲ್ಲಿ ‘ಡ್ವೈಟ್ ಡಿ. ಐಸೆನ್‌ಹೋವರ್’ ಎಂದು ಮರುನಾಮಕರಣವಾಯಿತೆಂದು ಓದಿ, ನನ್ನ ಪುಟ್ಟ ಮಾದರಿಗೆ ಆ ಫಲಕವನ್ನು ಚಿಮುಟದಲ್ಲಿ ಹಿಡಿದು ಅಂಟಿಸಿದ್ದೆ. ಚಕ್ರಗಳನ್ನು ಮರೆಮಾಡುವ ಪಕ್ಕದ ತಗಡುಗಳನ್ನು ನಿರ್ವಹಣೆಯ ಅನುಕೂಲಕ್ಕಾಗಿ ಯುದ್ಧಕಾಲದಲ್ಲೇ ಕಳಚಿದ್ದರೆಂದು, ನನ್ನದರಲ್ಲಿ ಅವು ಹಾಗೆಯೇ ಇವೆಯೆಂದು ಮಾದರಿ ನೋಡಲು ಬಂದ ಹುಡುಗನೊಬ್ಬ ತೋರಿಸಿಕೊಟ್ಟ!

ಉತ್ತರ 3: 1948ರ ರಾಷ್ಟ್ರೀಕರಣವನ್ನೂ ಮರೆಯಬೇಡಿ. ಜುಬಿಲಿ ವರ್ಗದಲ್ಲಿ ನಮ್ಮ ‘ಮೈಸೂರು’ ಹೆಸರಿನ ಎಂಜಿನ್ ಇತ್ತು. ಅದರ ಹೆಸರು ಹಾಗೆಯೇ ಉಳಿದು, 5586 ಎಂಬ ಸಂಖ್ಯೆ 45586 ಆಯಿತು. ಅದೇ ವರ್ಗದ ‘ಗೋಲ್ಡ್ ಕೋಸ್ಟ್’ ಮಾತ್ರ, ಆ ದೇಶ ಸ್ವತಂತ್ರವಾದ ಮರುವರ್ಷ, 1958ರಲ್ಲಿ ‘ಘಾನಾ’ ಎನಿಸಿಕೊಂಡಿತು.

ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಎರಡನೆಯ ಫೋಟೊವನ್ನು ತಿರುಗಿಸಿದರೆ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ‘ಪ್ಯಾಡಿಂಗ್ಟನ್, 1955’ ಎಂದಿದೆ. ಅದನ್ನು ‘ಬ್ರಿಸ್ಟಲ್ ಕ್ಯಾಸಲ್’ ಪುಟಕ್ಕೆ ಸೇರಿಸಿದ್ದೇನೆ.