ಎಬಿಎಸ್ ಲೇಪ ಕೊಟ್ಟ ಕಾರ್ಬನ್ ಫೈಬರ್ ಹಪ್ಪಳದಂತೆ ಗಟ್ಟಿಯಾಗುತ್ತಿದೆ, ಪೀಸ್ ಒಳಗೆ ಗಂಟು: ಸಹಾಯ ಬೇಕು

ಪೀಣ್ಯ_ಅಚ್ಚು: ಎಲ್ಲರಿಗೂ ನಮಸ್ಕಾರ. ಡ್ರೋನ್ ಮೋಟಾರ್ ಮೌಂಟ್ ಮಾಡೋಕೆ 6 ಮಿಮೀ ಚಾಪ್ಡ್ ಕಾರ್ಬನ್ ಫೈಬರ್ ತಂದಿದ್ದೇನೆ. ಪ್ಲಾಸ್ಟಿಕ್ ಎಬಿಎಸ್. ಕರಗಿದ ಪ್ಲಾಸ್ಟಿಕ್ ಅನ್ನು ಅಚ್ಚಿನೊಳಗೆ ಕೈಯಲ್ಲಿ ಒತ್ತುವ ಸಣ್ಣ ಇಂಜೆಕ್ಷನ್ ಮೆಷಿನ್. ಫೈಬರ್ ಹಾಗೇ ಹಾಕಿದರೆ ಮೆಷಿನ್ ಮೇಲಿನ ಆಲಿಕೆ, ಅಂದರೆ ಹಾಪರ್‌ನಿಂದ ಇಳಿಯುವುದೇ ಇಲ್ಲ. ಅದಕ್ಕೆ ಅಸಿಟೋನ್‌ನಲ್ಲಿ ಶೇ. 10ರಷ್ಟು ಎಬಿಎಸ್ ಕರಗಿಸಿ, ಫೈಬರ್ ಹಾಕಿ, ಡ್ರಿಲ್‌ಗೆ ಕಡ್ಡಿ ಸಿಕ್ಕಿಸಿ ಜೋರಾಗಿ ಕಲಕಿ, ತಟ್ಟೆಯಲ್ಲಿ ಒಣಗಿಸುತ್ತಿದ್ದೇನೆ. ಒಣಗಿದ ಮೇಲೆ ಎಲ್ಲಾ ಸೇರಿ ಒಂದೇ ಹಾಳೆ. ಮೇಲೆ ಬಿಳಿ ಪೊರೆ. ಕತ್ತರಿಸಿ ಮೋಲ್ಡ್ ಮಾಡಿದರೆ ಒಳಗೆ ಕಪ್ಪು ಗಂಟುಗಳು. ಮುರಿದು ನೋಡಿದರೆ ಗಂಟಿನಲ್ಲಿ ಎಳೆಗಳು ಬೋಳಾಗಿ ಎದ್ದು ನಿಂತಿವೆ, ಪ್ಲಾಸ್ಟಿಕ್ ಅಂಟೇ ಇಲ್ಲ. ಲೇಪ ಇನ್ನೂ ದಪ್ಪ ಮಾಡಬೇಕಾ?

ಕರಿನೂಲು: ಮೊದಲು ಡ್ರಿಲ್ ಪಕ್ಕಕ್ಕಿಡಿ. ಅದರ ಬ್ರಷ್‌ನಲ್ಲಿ ಕಿಡಿ ಹಾರುತ್ತದೆ. ಅಸಿಟೋನ್‌ನ ಫ್ಲ್ಯಾಶ್ ಪಾಯಿಂಟ್ (ಆವಿ ಹೊತ್ತಿಕೊಳ್ಳಬಲ್ಲ ಕನಿಷ್ಠ ಉಷ್ಣತೆ) ಸುಮಾರು ಮೈನಸ್ 20 ಡಿಗ್ರಿ, ಅಂದರೆ ನಮ್ಮೂರಿನ ಚಳಿಗಾಲದಲ್ಲೂ ಅದರ ಆವಿಗೆ ಒಂದು ಕಿಡಿ ಸಾಕು. ಮುಚ್ಚಿದ ಕೋಣೆಯಲ್ಲಂತೂ ಬೇಡವೇ ಬೇಡ.

ಲೇಪ ತೆಳ್ಳಗೆ ಮಾಡಿ. ಒಂದು ಎಳೆಯ ದಪ್ಪ ಸುಮಾರು 7 ಮೈಕ್ರಾನ್. ಫೈಬರ್ ತೂಕದ ಶೇ. 5ರಷ್ಟು ಎಬಿಎಸ್ ಸಮನಾಗಿ ಕೂತರೆ ಪೊರೆ 0.15 ಮೈಕ್ರಾನ್ ಆಗುತ್ತದೆ. ಎಳೆಗಳನ್ನು ಕಟ್ಟಾಗಿ ಹಿಡಿಯೋಕೆ ಅಷ್ಟು ಸಾಕು. ನಿಮ್ಮ ದ್ರಾವಣವನ್ನು 10 ಗ್ರಾಂ ಫೈಬರ್ 20 ಗ್ರಾಂ ಹೀರಿದರೂ 2 ಗ್ರಾಂ ಎಬಿಎಸ್ ಉಳಿಯುತ್ತದೆ, ಅಂದರೆ ಶೇ. 20. ಹೆಚ್ಚಾದದ್ದು ಕಟ್ಟುಗಳ ನಡುವೆ ಅಂಟಾಗಿ ನಿಲ್ಲುತ್ತದೆ. ಶೇ. 2ರ ದ್ರಾವಣ ಮಾಡಿ.

ಗಂಟಿಗೆ ಕಾರಣ ಬೇರೆ. ಅಂಗಡಿಯ ಫೈಬರ್‌ಗೆ ಸೈಜಿಂಗ್ ಅಂತ ತೆಳು ಲೇಪ ಮೊದಲೇ ಇರುತ್ತದೆ. ತೂಕದ ಶೇ. 1ರ ಆಸುಪಾಸು, ಹೆಚ್ಚಾಗಿ ಎಪಾಕ್ಸಿ. ಹಾರ್ಡ್‌ನರ್ ಸೇರದ ಎಪಾಕ್ಸಿ ಅದು, ಅಸಿಟೋನ್‌ಗೆ ಬಿದ್ದರೆ ಕರಗುತ್ತದೆ. ಕಟ್ಟು ಬಿಚ್ಚುತ್ತದೆ. ಆಗ ಜೋರಾಗಿ ಕಲಕಿದರೆ ಬಿಡಿ ಎಳೆಗಳು ಸಿಕ್ಕಾಗುತ್ತವೆ. ಆ ಸಿಕ್ಕಿನೊಳಗೆ ಕರಗಿದ ಪ್ಲಾಸ್ಟಿಕ್ ಇಳಿಯುವುದಿಲ್ಲ. ನೀವು ನೋಡಿದ ಬೋಳು ಎಳೆಗಳು ಅವೇ.

ಆದ್ದರಿಂದ ಕಲಕಲೇಬೇಡಿ. ಫೈಬರ್ ಅನ್ನು ಸ್ಟೀಲ್ ಜರಡಿಯಲ್ಲಿಟ್ಟು ದ್ರಾವಣದಲ್ಲಿ ಅದ್ದಿ, ಎತ್ತಿ, ಸೋರಲು ಬಿಡಿ. ಸಿಲಿಕೋನ್ ಶೀಟ್ ಮೇಲೆ ತೆಳ್ಳಗೆ ಉದುರಿಸಿ. ಕೈಗೆ ಅಂಟದೆ, ಆದರೆ ಇನ್ನೂ ಬಾಗುವ ಹದಕ್ಕೆ ಬಂದಾಗ ಗ್ಲೌಸ್ ಹಾಕಿಕೊಂಡು ಬೆರಳಲ್ಲಿ ಬಿಡಿಸಿ. ಈ ಹದ ಬೇಗ ದಾಟಿ ಹೋಗುತ್ತದೆ, ಪಕ್ಕದಲ್ಲೇ ಇರಿ.

ಯಲಹಂಕ_ರೆಕ್ಕೆ: ಒಣಗಿಸೋದು ಯಾವಾಗ? ಸಂಜೆ ಮಳೆ ಬಂದ ಮೇಲಾ?

ಪೀಣ್ಯ_ಅಚ್ಚು: ಹೌದು, ಕೆಲಸ ಮುಗಿಸಿ ಬಂದ ಮೇಲೆ, ಶೆಡ್ ಬಾಗಿಲಲ್ಲಿ.

ಯಲಹಂಕ_ರೆಕ್ಕೆ: ಬಿಳಿ ಪೊರೆ ಅದರಿಂದಲೇ. ಅಸಿಟೋನ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂರುತ್ತದೆ. ನೀರಿನಲ್ಲಿ ಎಬಿಎಸ್ ಕರಗದು, ಹಾಗಾಗಿ ಬೆಳ್ಳಗೆ, ತೂತು ತೂತಾಗಿ ಗಟ್ಟಿಯಾಗುತ್ತದೆ. ಬಿಸಿಲಿರುವ ಮಧ್ಯಾಹ್ನ ಮಾಡಿ. ಅಸಿಟೋನ್ ವಾಸನೆ ಪೂರ್ತಿ ಹೋದ ಮೇಲೆ ಮಾತ್ರ 80 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಓವನ್‌ನಲ್ಲಿಡಿ. ಮೊದಲೇ ಇಟ್ಟರೆ ಅಪಾಯ.

ಪೀಣ್ಯ_ಅಚ್ಚು: ಭಾನುವಾರ ಹಾಗೇ ಮಾಡಿದೆ. ಕಟ್ಟುಗಳು ಬಿಡಿ ಬಿಡಿಯಾಗಿ ಬಂದವು, ಹಾಪರ್‌ನಲ್ಲಿ ಸಲೀಸಾಗಿ ಇಳಿದವು. ಗಂಟೂ ಇಲ್ಲ, ಬಿಳುಪೂ ಇಲ್ಲ. ತುಂಬಾ ಥ್ಯಾಂಕ್ಸ್! ಆದರೆ ಮೌಂಟ್ ಬಲ ಅಂದುಕೊಂಡಷ್ಟು ಜಾಸ್ತಿ ಆಗಿಲ್ಲ. ಯಾಕಿರಬಹುದು?

ಕರಿನೂಲು: ಎಳೆಗಳು ತುಂಡಾಗಿರಬಹುದು. ಪೀಸ್‌ನ ಚೂರೊಂದನ್ನು ಅಸಿಟೋನ್‌ನಲ್ಲಿ ಕರಗಿಸಿ, ತಳಕ್ಕಿಳಿದ ಫೈಬರ್ ತೊಳೆದು, ಬಿಳಿ ಕಾಗದದ ಮೇಲೆ ಹರಡಿ, ಮ್ಯಾಕ್ರೋ ಲೆನ್ಸ್‌ನಲ್ಲಿ ನೋಡಿ. ಪಕ್ಕದಲ್ಲಿ ಸ್ಕೇಲ್ ಇಡಿ.

ಎಷ್ಟು ಉದ್ದ ಬೇಕು ಅನ್ನೋದಕ್ಕೆ ಸುಲಭ ಲೆಕ್ಕ ಇದೆ: ಎಳೆಯ ಬಲವನ್ನು ದಪ್ಪದಿಂದ ಗುಣಿಸಿ, ಎಳೆಗೂ ಪ್ಲಾಸ್ಟಿಕ್‌ಗೂ ನಡುವಿನ ಅಂಟಿನ ಬಲದ ಎರಡರಷ್ಟರಿಂದ ಭಾಗಿಸಿ. ಎಳೆಗೆ 3500 ಮೆಗಾಪಾಸ್ಕಲ್, ಅಂಟಿಗೆ 20 ಅಂತ ಇಟ್ಟುಕೊಂಡರೆ ಸುಮಾರು 0.6 ಮಿಮೀ ಬರುತ್ತದೆ. ಅದಕ್ಕಿಂತ ಚಿಕ್ಕ ಎಳೆ ಮುರಿಯುವ ಮೊದಲೇ ಜಾರಿ ಹೊರಬರುತ್ತದೆ, ಅದರ ಪೂರ್ತಿ ಬಲ ಸಿಗುವುದಿಲ್ಲ. ಅಂಟು 10ಕ್ಕೆ ಇಳಿದರೆ 1.2 ಮಿಮೀ ಬೇಕು. 6 ಮಿಮೀ ಹಾಕಿದ್ದೀವಿ ಅಂತ ನಂಬೋ ಹಾಗಿಲ್ಲ, ಮೆಷಿನ್‌ನ ಕಿರಿದಾದ ನಾಜಲ್, ಅಚ್ಚಿನ ಬಾಯಿ ಅಂದರೆ ಗೇಟ್ ದಾಟುವಾಗ ಎಳೆ ಪುಡಿಯಾಗುತ್ತದೆ. ಗೇಟ್ ದೊಡ್ಡದು ಮಾಡಿ, ನಿಧಾನವಾಗಿ ಒತ್ತಿ.

ಮೌಂಟ್ ಉಜ್ಜುವುದಿದ್ದರೆ ಮಾಸ್ಕ್ ಹಾಕಿಕೊಂಡು ನೀರು ಹಾಕಿ ಉಜ್ಜಿ. ಕಾರ್ಬನ್ ಧೂಳಿನಲ್ಲಿ ಕರೆಂಟ್ ಹರಿಯುತ್ತದೆ, ಡ್ರೋನ್ ನಡೆಸುವ ಸರ್ಕ್ಯೂಟ್ ಬೋರ್ಡ್ ಆದ ಫ್ಲೈಟ್ ಕಂಟ್ರೋಲರ್ ಮೇಲೆ ಕೂತರೆ ಶಾರ್ಟ್ ಆದೀತು. ಲೆನ್ಸ್‌ನಲ್ಲಿ ತೆಗೆದ ಫೋಟೋ ಇಲ್ಲೇ ಹಾಕಿ, ಉದ್ದ ನೋಡಿ ಮುಂದಿನದು ಹೇಳುತ್ತೇನೆ.